ಕಿಡ್ನಿ ರೋಗಿಗಳ ಓಟದ ಜವಾಬ್ದಾರಿ ಬಿಡುತ್ತಿದ್ದೇನೆ. ಸರಿಯಾಗಿ ಬಿಡುವುದು ಹೇಗೆ?

ಕೊನೆಯ ಸಾಲಿನ ಓಟಗಾರ್ತಿ

ಎಲ್ಲರಿಗೂ ನಮಸ್ಕಾರ. ಡಯಾಲಿಸಿಸ್ ಮಾಡಿಸಿಕೊಳ್ಳುವವರಿಗೆ ಹಣ ಕೂಡಿಸಲು ನಾವು ವರ್ಷಕ್ಕೊಂದು ಓಟ ನಡೆಸುತ್ತೇವೆ. 5 ಕಿ.ಮೀ. ಮತ್ತು 10 ಕಿ.ಮೀ. ವಿಶ್ವ ಕಿಡ್ನಿ ದಿನ ಬರುವುದು ಮಾರ್ಚ್ ತಿಂಗಳ ಎರಡನೇ ಗುರುವಾರ. ನಮ್ಮ ಓಟ ಅದರ ಹಿಂದುಮುಂದಿನ ಭಾನುವಾರ. ಶುರುವಿನಿಂದಲೂ ನಾನೇ ರೇಸ್ ಡೈರೆಕ್ಟರ್. ಮುಂದಿನ ಓಟ ಮುಗಿದ ಮೇಲೆ ಬಿಡುತ್ತೇನೆ. ಬಿಡಬೇಕಾ ಬೇಡವಾ ಅಂತ ಕೇಳುತ್ತಿಲ್ಲ, ಅದು ತೀರ್ಮಾನ ಆಗಿದೆ. ಹೇಗೆ ಬಿಡಬೇಕು ಅಂತ ಕೇಳುತ್ತಿದ್ದೇನೆ.

ಕಾರಣ ಮೊದಲೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ‘ಸ್ವಲ್ಪ ರೆಸ್ಟ್ ತಗೊಳ್ಳಿ, ಎಲ್ಲ ಸರಿಹೋಗುತ್ತೆ’ ಅಂತ ಉತ್ತರ ಬರುತ್ತದೆ. ಕೆಲಸ ಜಾಸ್ತಿ ಅನ್ನುವುದು ನಿಜ, ಆದರೆ ಅದು ಮುಖ್ಯ ಕಾರಣ ಅಲ್ಲ. ಈ ಓಟ ಶುರುವಾದದ್ದು ನನ್ನ ತಮ್ಮನಿಂದ. ಅವನು ಡಯಾಲಿಸಿಸ್‌ನಲ್ಲಿದ್ದ, ಕಸಿಗಾಗಿ ಕಾಯುತ್ತಿದ್ದ, ಕಿಡ್ನಿ ಸಿಗುವ ಮೊದಲೇ ಹೋಗಿಬಿಟ್ಟ. ಮೊದಲ ವರ್ಷ ವೇದಿಕೆ ಮೇಲೆ ಅವನ ಬಗ್ಗೆ ಮಾತಾಡಿದೆ. ಮಾತಾಡಲೇಬೇಕು ಅನ್ನಿಸಿತ್ತು. ಮರುವರ್ಷವೂ ಮಾತಾಡಿದೆ. ಆಮೇಲೆ ಅದು ಕಾರ್ಯಕ್ರಮದ ಪಟ್ಟಿಯಲ್ಲೇ ಸೇರಿಕೊಂಡಿತು. ಸ್ವಾಗತ, ವಾರ್ಮಪ್, ಅಕ್ಕನ ಮಾತು, ಓಟಕ್ಕೆ ಚಾಲನೆ. ಸ್ಪಾನ್ಸರ್‌ಗಳ ಮೀಟಿಂಗ್‌ಗೆ ಹೋದರೂ ‘ಮೇಡಂ, ಆ ತಮ್ಮನ ಕಥೆ ಒಂದ್ಸಲ ಹೇಳಿ’ ಅನ್ನುತ್ತಾರೆ. ಎಲ್ಲಿ ಮಾತು ನಿಲ್ಲಿಸಿದರೆ ಕೇಳುವವರ ಕಣ್ಣು ತುಂಬುತ್ತದೆ ಅನ್ನುವುದು ನನಗೀಗ ಚೆನ್ನಾಗಿ ಗೊತ್ತು. ಅದು ಗೊತ್ತಿರುವುದೇ ಹಿಂಸೆ. ಅವನ ನೆನಪು ನನಗೆ ವಾಪಸ್ ಬೇಕು, ಅಷ್ಟೇ.

ಈಗ ನನ್ನ ಪ್ರಶ್ನೆಗಳು. ಯಾವಾಗ ಹೇಳುವುದು, ಓಟಕ್ಕೆ ಮೊದಲಾ, ಆಮೇಲಾ? ಸಲಹೆಗಾರಳಾಗಿ ಕಮಿಟಿಯಲ್ಲಿ ಉಳಿಯಿರಿ ಅನ್ನುತ್ತಿದ್ದಾರೆ, ಉಳಿಯಲೇ? ಬ್ಯಾನರ್ ಮೇಲಿರುವ ತಮ್ಮನ ಫೋಟೋ ಏನು ಮಾಡುವುದು? ನಮ್ಮ ಹಣದಿಂದ ಡಯಾಲಿಸಿಸ್ ನಡೆಯುತ್ತಿರುವ ಕುಟುಂಬಗಳಿಗೆ ಏನಂತ ಹೇಳುವುದು?

ಸುಮ್ನೆ ಓಡುವವ

ಅಕ್ಕಾ, ರೆಸ್ಟ್ ತಗೊಳ್ಳಿ ಅಂತಲೇ ಬರೆಯಲು ಬಂದಿದ್ದೆ, ನೀವು ಬಾಗಿಲು ಹಾಕಿಬಿಟ್ಟಿದ್ದೀರಿ. ನನ್ನಂಥವರಿಗೆ ಬಿಬ್ (ಎದೆಗೆ ಹಚ್ಚಿಕೊಳ್ಳುವ ನಂಬರ್ ಚೀಟಿ) ಸಿಗುತ್ತದೆ, ಓಡುತ್ತೇವೆ, ಮೆಡಲ್ ಹಾಕಿಕೊಂಡು ಫೋಟೋ ತೆಗೆಸಿಕೊಂಡು ಮನೆಗೆ ಹೋಗುತ್ತೇವೆ. ಅದರ ಹಿಂದೆ ಇಷ್ಟೆಲ್ಲ ಇದೆ ಅಂತ ಗೊತ್ತೇ ಇರಲಿಲ್ಲ. ನನ್ನದೊಂದೇ ಮಾತು: ಮೊದಲೇ ಹೇಳಿಬಿಡಿ. ಫಿನಿಶ್ ಲೈನ್‌ನಲ್ಲಿ ಮೈಕ್ ಹಿಡಿದು ‘ಇದು ನನ್ನ ಕೊನೆಯ ಓಟ’ ಅಂದರೆ ಅವತ್ತಿನ ದಿನ ಪೂರ್ತಿ ನಿಮ್ಮದೇ ಆಗುತ್ತದೆ. ರೋಗಿಗಳ ಮಾತೇ ಹಿಂದೆ ಹೋಗುತ್ತದೆ.

ಎರಡನೇ ಡೈರೆಕ್ಟರ್

ಮೇಡಂ, ನಾನು ಇನ್ನೊಂದು ಕಡೆಯಿಂದ ಬರೆಯುತ್ತೇನೆ. ಹೀಗೇ ಒಬ್ಬರು ಕಟ್ಟಿದ ಓಟವನ್ನು ನಾನು ವಹಿಸಿಕೊಂಡೆ. ಬೇರೆ ಕಾಯಿಲೆ, ಬೇರೆ ಊರು. ಅವರ ಹೆಸರು ಬೇಡ. ಒಳ್ಳೆಯ ಮನುಷ್ಯ, ಈಗಲೂ ಗೌರವ ಇದೆ.

ಅವರು ‘ಸಲಹೆಗಾರ’ರಾಗಿ ಉಳಿದರು. ಮೀಟಿಂಗ್‌ಗೆ ಬರುತ್ತಿದ್ದರು, ಹಿಂದಿನ ಕುರ್ಚಿಯಲ್ಲಿ ಕೂರುತ್ತಿದ್ದರು. ಒಂದು ಮಾತೂ ಆಡುತ್ತಿರಲಿಲ್ಲ. ಆದರೆ ನಾನು ಏನು ಹೇಳಿದರೂ ಎಲ್ಲರೂ ಒಮ್ಮೆ ಹಿಂದಕ್ಕೆ ತಿರುಗಿ ಅವರ ಮುಖ ನೋಡುತ್ತಿದ್ದರು. ಅವರು ತಲೆ ಆಡಿಸಿದರೆ ತೀರ್ಮಾನ ಪಾಸ್. ಸುಮ್ಮನಿದ್ದರೆ ‘ಇನ್ನೊಂದು ಸಲ ಯೋಚಿಸೋಣ’. ಟೀಶರ್ಟ್ ಬಣ್ಣ ಬದಲಾಯಿಸಿದ್ದಕ್ಕೆ ಹಳೆಯ ವಾಲಂಟಿಯರ್ ಒಬ್ಬರು ಅವರಿಗೆ ಫೋನ್ ಮಾಡಿ ದೂರು ಹೇಳಿದರಂತೆ. ಅವರು ಪಾಪ, ಒಳ್ಳೆಯ ಮನಸ್ಸಿನಿಂದಲೇ ನನಗೆ ಫೋನ್ ಮಾಡಿ ‘ಹಳೆಯ ಬಣ್ಣವೇ ಇರಲಿ ಬಿಡಿ, ಅವರಿಗೆ ಬೇಜಾರಾಗಿದೆ’ ಅಂದರು. ಬಣ್ಣ ದೊಡ್ಡ ವಿಷಯ ಅಲ್ಲ. ಆದರೆ ಅವತ್ತಿನಿಂದ ಎಲ್ಲ ವಾಲಂಟಿಯರ್‌ಗಳಿಗೂ ಒಂದು ವಿಷಯ ತಿಳಿಯಿತು. ನನ್ನ ಹತ್ತಿರ ಕೆಲಸ ಆಗದಿದ್ದರೆ ಅವರ ಹತ್ತಿರ ಹೋಗಬಹುದು.

ಹಾಗಾಗಿ ಖಡಾಖಂಡಿತ ಹೇಳುತ್ತೇನೆ, ಉಳಿಯಬೇಡಿ. ಕಮಿಟಿಯಲ್ಲಿ ಬೇಡ, ಸಲಹೆಗಾರರಾಗಿ ಬೇಡ, ‘ಗೌರವಾಧ್ಯಕ್ಷೆ’ ಅಂತೂ ಬೇಡವೇ ಬೇಡ. ಒಂದು ಪೂರ್ತಿ ಓಟ ನೀವಿಲ್ಲದೆ ನಡೆಯಲಿ. ಅವತ್ತು ಮೈದಾನದ ಹತ್ತಿರವೂ ಬರಬೇಡಿ. ಹೊಸಬರು ಕೇಳಿದರೆ ಫೋನಿನಲ್ಲಿ ಉತ್ತರ ಕೊಡಿ, ಕೇಳದಿದ್ದರೆ ನೀವಾಗಿ ಫೋನ್ ಮಾಡಬೇಡಿ. ವಾಲಂಟಿಯರ್ ಯಾರಾದರೂ ದೂರು ತಂದರೆ ‘ಅವರನ್ನೇ ಕೇಳಿ’ ಅನ್ನುವುದು ಬಿಟ್ಟು ಇನ್ನೊಂದು ಮಾತು ಬೇಡ. ಕಷ್ಟ ಇದೆ. ಆದರೆ ನೀವು ಕೊಡಬಹುದಾದ ದೊಡ್ಡ ಸಹಾಯ ಇದೇ.

ಮೈಲಿಗಲ್ಲು

ಎರಡನೇ ಡೈರೆಕ್ಟರ್ ಹೇಳಿದ್ದು ಸರಿ, ಆದರೆ ಪೂರ್ತಿ ಅಲ್ಲ ಅನ್ನಿಸುತ್ತದೆ. ಚಾರಿಟಿ ಓಟಗಳ ಚರಿತ್ರೆ ಓದುವುದು ನನ್ನ ಹುಚ್ಚು, ಸ್ವಲ್ಪ ಸಹಿಸಿಕೊಳ್ಳಿ.

ಟೆರ್ರಿ ಫಾಕ್ಸ್ ಗೊತ್ತಲ್ವಾ? ಕೆನಡಾದ ಹುಡುಗ, ಮೂಳೆ ಕ್ಯಾನ್ಸರ್‌ನಿಂದ ಬಲಗಾಲು ಕಳೆದುಕೊಂಡವನು. 1980ರ ಏಪ್ರಿಲ್ 12ರಂದು ಕೃತಕ ಕಾಲಿನಲ್ಲಿ ದೇಶದ ಒಂದು ತುದಿಯಿಂದ ಇನ್ನೊಂದು ತುದಿಗೆ ಓಡಲು ಹೊರಟ. 143 ದಿನ ಓಡಿದ, 5,373 ಕಿ.ಮೀ. ಆಗಿತ್ತು. ಸೆಪ್ಟೆಂಬರ್ 1ಕ್ಕೆ ನಿಲ್ಲಿಸಬೇಕಾಯಿತು, ಕ್ಯಾನ್ಸರ್ ಶ್ವಾಸಕೋಶಕ್ಕೆ ಬಂದಿತ್ತು. 1981ರ ಜೂನ್‌ನಲ್ಲಿ ತೀರಿಕೊಂಡ, ಆಗ ಅವನಿಗೆ 22 ವರ್ಷ. ನಾನು ಮುಗಿಸದಿದ್ದರೂ ಇದು ನಾನಿಲ್ಲದೆ ಮುಂದುವರಿಯಬೇಕು ಅಂತ ಓಡುತ್ತಿದ್ದಾಗಲೇ ಹೇಳಿದ್ದ. ಅವನು ಹೋದ ಕೆಲವೇ ತಿಂಗಳಲ್ಲಿ, ಅದೇ ಸೆಪ್ಟೆಂಬರ್‌ನಲ್ಲಿ, ಅವನ ಹೆಸರಿನ ಮೊದಲ ಓಟ ನಡೆಯಿತು. ಸುಮಾರು 3 ಲಕ್ಷ ಜನ ಸೇರಿದ್ದರು. ಪ್ರತಿವರ್ಷ ಹೀಗೊಂದು ಓಟ ನಡೆಸೋಣ ಎಂಬ ಯೋಚನೆ ಕೊಟ್ಟವರು ಇಸಡೋರ್ ಶಾರ್ಪ್ ಎಂಬ ಹೋಟೆಲ್ ಉದ್ಯಮಿ. ಅವರೂ ಕ್ಯಾನ್ಸರ್‌ಗೆ ಮಗನನ್ನು ಕಳೆದುಕೊಂಡಿದ್ದರು. ಸ್ಪರ್ಧೆ ಇಲ್ಲ, ಬಹುಮಾನ ಇಲ್ಲ. ಈ ಓಟಕ್ಕೆ ನಿಯಮಗಳು ಸ್ಪಷ್ಟವಾಗಿದ್ದವು, ಆದ್ದರಿಂದಲೇ ಯಾರು ಬೇಕಾದರೂ ನಡೆಸಬಹುದಾಯಿತು.

ಇನ್ನೊಬ್ಬರು ಫ್ರೆಡ್ ಲೆಬೋ. 1970ರ ಮೊದಲ ನ್ಯೂಯಾರ್ಕ್ ಮ್ಯಾರಥಾನ್‌ನಲ್ಲಿ ಹೊರಟವರು 127 ಜನ, ಮುಗಿಸಿದವರು 55. ಅದನ್ನು ಈ ಮಟ್ಟಕ್ಕೆ ಬೆಳೆಸಿದ್ದು ಲೆಬೋ. 1990ರಲ್ಲಿ ಅವರಿಗೆ ಮೆದುಳಿನ ಕ್ಯಾನ್ಸರ್ ಅಂತ ಗೊತ್ತಾಯಿತು. 1992ರಲ್ಲಿ, 60 ತುಂಬಿದ ವರ್ಷ, ತಾವೇ ನಡೆಸುವ ಓಟವನ್ನು ಹೆಸರಾಂತ ಓಟಗಾರ್ತಿ ಗ್ರೇಟಾ ವೈಟ್ಜ್ ಜೊತೆ ಐದೂವರೆ ಗಂಟೆಗೂ ಸ್ವಲ್ಪ ಜಾಸ್ತಿ ಹೊತ್ತಿನಲ್ಲಿ ಓಡಿ ಮುಗಿಸಿದರು. 1994ರ ಅಕ್ಟೋಬರ್‌ನಲ್ಲಿ ತೀರಿಕೊಂಡರು. ಆದರೂ ಓಟ ನಿಲ್ಲಲಿಲ್ಲ. ಅಲನ್ ಸ್ಟೈನ್‌ಫೆಲ್ಡ್ ಎಂಬುವರು ವರ್ಷಗಟ್ಟಲೆ ಅವರ ಜೊತೆಗೇ ಕೆಲಸ ಮಾಡುತ್ತಿದ್ದರು, ಅವರೇ ವಹಿಸಿಕೊಂಡರು. ಮೈಕ್ ಮುಂದೆ ಲೆಬೋ, ರಸ್ತೆ ಮತ್ತು ಗಡಿಯಾರದ ಕೆಲಸಕ್ಕೆ ಸ್ಟೈನ್‌ಫೆಲ್ಡ್.

ಅಂದರೆ, ಬಿಟ್ಟ ಮೇಲೆ ದೂರ ಇರುವುದು ಮುಖ್ಯವೇ. ಅದಕ್ಕಿಂತ ಮುಖ್ಯ, ಬಿಡುವುದಕ್ಕೆ ಮೊದಲು ಪಕ್ಕದಲ್ಲಿ ಯಾರಿದ್ದರು ಅನ್ನುವುದು. ಅಕ್ಕಾ, ನಿಮ್ಮ ಸ್ಟೈನ್‌ಫೆಲ್ಡ್ ಯಾರು?

ಸುಮ್ನೆ ಓಡುವವ

ಅಣ್ಣಾ, ಇವೆಲ್ಲ ದೊಡ್ಡ ದೊಡ್ಡ ಓಟಗಳ ಕಥೆ. ಅಕ್ಕನದು ಭಾನುವಾರ ಬೆಳಿಗ್ಗೆ ಮುಗಿಯುವ ಓಟ.

ಮೈಲಿಗಲ್ಲು

ದೊಡ್ಡವೂ ಚಿಕ್ಕದಾಗಿಯೇ ಶುರುವಾಗುವುದು ಸ್ವಾಮಿ. ಅಮೆರಿಕದ ‘ರೇಸ್ ಫಾರ್ ದ ಕ್ಯೂರ್’ 1983ರಲ್ಲಿ ಡಲ್ಲಾಸ್‌ನಲ್ಲಿ ಶುರುವಾದಾಗ ಬಂದವರು 800 ಜನ. ಅದೂ ಒಡಹುಟ್ಟಿದವರ ಕಥೆಯೇ. ಸ್ತನ ಕ್ಯಾನ್ಸರ್‌ನಿಂದ 1980ರಲ್ಲಿ ತೀರಿಕೊಂಡ ಅಕ್ಕ ಸೂಸನ್ ಕೋಮನ್ ಹೆಸರಿನಲ್ಲಿ ತಂಗಿ ನ್ಯಾನ್ಸಿ ಬ್ರಿಂಕರ್ ಸಂಸ್ಥೆ ಕಟ್ಟಿದರು. 2012ರಲ್ಲಿ ಸಂಸ್ಥೆ ಒಂದು ದೊಡ್ಡ ವಿವಾದಕ್ಕೆ ಸಿಕ್ಕಿತು. ಆ ವರ್ಷವೇ ಅವರು ಸಿಇಒ ಸ್ಥಾನ ಬಿಡುವುದಾಗಿ ಹೇಳಿದರು, ಹೊಸಬರು ಬಂದದ್ದು 2013ರಲ್ಲಿ. ಆ ವಿವಾದದಲ್ಲಿ ಯಾರು ಸರಿ ಅನ್ನುವುದು ಇಲ್ಲಿ ಬೇಡ. ಗಲಾಟೆ ನಡುವೆ ಬಿಡುವುದಕ್ಕೂ ಎಲ್ಲ ಚೆನ್ನಾಗಿರುವಾಗ ಬಿಡುವುದಕ್ಕೂ ವ್ಯತ್ಯಾಸ ಇದೆ, ಅಷ್ಟು ಹೇಳುತ್ತೇನೆ. ಅಕ್ಕ ಎಲ್ಲ ಚೆನ್ನಾಗಿರುವಾಗ ಬಿಡುತ್ತಿದ್ದಾರೆ. ಆ ಅವಕಾಶ ಎಲ್ಲರಿಗೂ ಸಿಗುವುದಿಲ್ಲ.

ಖಾತೆ ಪುಸ್ತಕ

ನಾನು ಮೂರ್ನಾಲ್ಕು ಟ್ರಸ್ಟ್‌ಗಳ ಲೆಕ್ಕ ನೋಡುವವನು. ಭಾವನೆಯ ವಿಷಯ ಬೇರೆಯವರು ಹೇಳಲಿ, ನಾನು ನೀರಸ ವಿಷಯ ಹೇಳುತ್ತೇನೆ.

ಮೇಡಂ, ಬ್ಯಾಂಕ್ ಖಾತೆಗೆ ಸಹಿ ಯಾರದು? ಎರಡು ಸಹಿ ಇದೆಯಾ, ಒಂದೇನಾ? ದೇಣಿಗೆಯ ಪೇಮೆಂಟ್ ಗೇಟ್‌ವೇಗೆ ಒಟಿಪಿ ಯಾರ ಫೋನಿಗೆ ಬರುತ್ತದೆ? ವೆಬ್‌ಸೈಟ್‌ನ ಡೊಮೇನ್ ಯಾರ ಹೆಸರಿನಲ್ಲಿದೆ, ಅದರ ನವೀಕರಣಕ್ಕೆ ಯಾರ ಕಾರ್ಡಿನಿಂದ ದುಡ್ಡು ಹೋಗುತ್ತದೆ? ನೋಂದಣಿ ಪೋರ್ಟಲ್‌ನ ಅಡ್ಮಿನ್ ಯಾರು? ಟೈಮಿಂಗ್ ಚಿಪ್‌ನವರ ಕರಾರಿಗೆ ಸಹಿ ಹಾಕಿದ್ದು ಟ್ರಸ್ಟಾ, ನೀವಾ? ಹೀಗೆ ಕಟ್ಟಿ ಬೆಳೆಸಿದ ಓಟಗಳಲ್ಲಿ ಸಾಮಾನ್ಯವಾಗಿ ಎಲ್ಲದಕ್ಕೂ ಉತ್ತರ ‘ನಾನೇ’ ಅಂತ ಇರುತ್ತದೆ. ಮೋಸದಿಂದ ಅಲ್ಲ. ಶುರುವಿನಲ್ಲಿ ಬೇರೆ ಯಾರೂ ಇರಲಿಲ್ಲ, ಆಮೇಲೆ ಬದಲಾಯಿಸಲು ಪುರುಸೊತ್ತಾಗಲಿಲ್ಲ. ಆದರೆ ನೀವು ಬಿಟ್ಟ ಮೇಲೂ ಒಟಿಪಿ ನಿಮ್ಮ ಫೋನಿಗೇ ಬರುತ್ತಿದ್ದರೆ ನೀವು ಬಿಟ್ಟ ಹಾಗಲ್ಲ. ರಾತ್ರಿ ಹನ್ನೊಂದಕ್ಕೆ ‘ಅಕ್ಕಾ ಒಟಿಪಿ ಕಳಿಸಿ’ ಅಂತ ಮೆಸೇಜ್ ಬರುತ್ತದೆ.

ಎರಡನೆಯದು, ಹಣದ ಬೇರೆ ಬೇರೆ ತೊಟ್ಟಿ. ನೋಂದಣಿ ಶುಲ್ಕದಿಂದ ಓಟದ ಖರ್ಚು ಹೊರಡಬೇಕು: ಟೀಶರ್ಟ್, ಮೆಡಲ್, ಆಂಬುಲೆನ್ಸ್, ನೀರು, ವಿಮೆ. ದೇಣಿಗೆ ಪೂರ್ತಿ ರೋಗಿಗಳಿಗೆ ಹೋಗಬೇಕು. ಸ್ಪಾನ್ಸರ್ ಹಣ ಯಾವುದಕ್ಕೆ ಅಂತ ಕಾಗದದ ಮೇಲೆ ಬರೆದಿರಬೇಕು. ಮೂರೂ ಒಂದೇ ಕಡೆ ಬಿದ್ದು ಕಲಸಿಹೋಗಿದ್ದರೆ ಹೊಸ ಡೈರೆಕ್ಟರ್ ಮೊದಲ ಆಡಿಟ್‌ನಲ್ಲೇ ಒದ್ದಾಡುತ್ತಾರೆ. ಬಿಡುವ ಮೊದಲು ಹೊರಗಿನವರಿಂದ ಒಂದು ಆಡಿಟ್ ಮಾಡಿಸಿ. ನಿಮ್ಮ ಮೇಲೆ ಅನುಮಾನ ಅಂತಲ್ಲ, ಮುಂದೆ ಯಾರೂ ಅನುಮಾನ ಪಡಬಾರದು ಅಂತ.

ಓಡಿದವರ ಮಾಹಿತಿ ಬೇರೆ ಇದೆ. ರಕ್ತದ ಗುಂಪು, ಇರುವ ಕಾಯಿಲೆ, ತುರ್ತಿಗೆ ಫೋನ್ ನಂಬರು. ಹಳೆಯ ವರ್ಷಗಳದ್ದು ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಇದ್ದೇ ಇರುತ್ತದೆ. ಅಗತ್ಯ ಇರುವುದನ್ನು ಟ್ರಸ್ಟ್‌ಗೆ ಒಪ್ಪಿಸಿ, ಉಳಿದದ್ದು ಅಳಿಸಿ.

ಕೊನೆಯ ಸಾಲಿನ ಓಟಗಾರ್ತಿ

ಒಟಿಪಿ ನನ್ನ ಫೋನಿಗೇ. ಡೊಮೇನ್ ನನ್ನದೇ ಕಾರ್ಡು. ಓದಿ ನಗು ಬಂತು, ಆಮೇಲೆ ಬರಲಿಲ್ಲ. ಸಹಿ ಮಾತ್ರ ಎರಡು ಇದೆ, ಅದೊಂದು ಸಮಾಧಾನ.

ಮೈಲಿಗಲ್ಲು ಅವರೇ, ಪಕ್ಕದಲ್ಲಿ ಒಬ್ಬಳು ಇದ್ದಾಳೆ. ಮಾರ್ಷಲ್‌ಗಳನ್ನು, ಅಂದರೆ ರಸ್ತೆಯುದ್ದಕ್ಕೂ ನಿಂತು ಓಟಗಾರರಿಗೆ ದಾರಿ ತೋರಿಸುವವರನ್ನು, ನೋಡಿಕೊಳ್ಳುವ ಹುಡುಗಿ. ರಸ್ತೆಯ ಪ್ರತಿ ತಿರುವು ಅವಳಿಗೆ ಗೊತ್ತು. ಆದರೆ ಅವಳಿಗೆ ವೇದಿಕೆ ಅಂದರೆ ಆಗುವುದಿಲ್ಲ. ಕಮಿಟಿಯವರು ‘ಜನರನ್ನು ಹಿಡಿದಿಡುವ ಮುಖ ಬೇಕು’ ಅನ್ನುತ್ತಿದ್ದಾರೆ. ಅವರ ಮನಸ್ಸಿನಲ್ಲಿ ಬೇರೊಬ್ಬರಿದ್ದಾರೆ, ಮಾತು ಚೆನ್ನಾಗಿ ಆಡುತ್ತಾರೆ.

ವಾರಕ್ಕೆ ಮೂರು ದಿನ

ಅಕ್ಕಾ, ನಾನು ಡಯಾಲಿಸಿಸ್‌ನಲ್ಲಿರುವವನು. ನಿಮ್ಮ ಓಟದ ಹಣ ಅಲ್ಲ, ಇಂಥದ್ದೇ ಇನ್ನೊಂದು ಓಟದಿಂದ ನನಗೆ ಸಹಾಯ ಬರುತ್ತದೆ. ಹಾಗಾಗಿ ನೇರ ಮಾತಾಡಬಹುದು ಅಂದುಕೊಂಡಿದ್ದೇನೆ.

ವಾರಕ್ಕೆ ಮೂರು ಸಲ, ಒಂದೊಂದು ಸಲಕ್ಕೆ ಸುಮಾರು ನಾಲ್ಕು ಗಂಟೆ. ಇದಕ್ಕೆ ರಜೆ ಇಲ್ಲ. ಒಂದು ಸಲ ತಪ್ಪಿದರೆ ಮೈಯಲ್ಲಿ ನೀರು ತುಂಬುತ್ತದೆ, ಉಸಿರು ಕಟ್ಟುತ್ತದೆ, ಪೊಟ್ಯಾಸಿಯಂ ಏರಿದರೆ ಹೃದಯಕ್ಕೆ ಅಪಾಯ. ನನಗೆ ಸಹಾಯ ಮಾಡುವ ಓಟದಲ್ಲಿ ನಾಯಕರು ಬದಲಾದಾಗ ‘ಹೊಸ ಕಮಿಟಿ ಬಂದ ಮೇಲೆ ನೋಡೋಣ’ ಅಂದರು. ಅವರಿಗೆ ಅದು ಎರಡು ಮೂರು ತಿಂಗಳ ವಿಷಯ. ನನಗೆ ಅದು ಬರುವ ಮಂಗಳವಾರದ ವಿಷಯ. ಆ ಸಲ ಸಾಲ ಮಾಡಿದೆ.

ಬೇಜಾರು ಮಾಡಿಕೊಳ್ಳಬೇಡಿ. ನಿಮ್ಮ ತಮ್ಮನ ಕಥೆ ಕೇಳಿ ನನಗೂ ಸಂಕಟ ಆಗುತ್ತದೆ. ಆದರೆ ಓಟ ಯಾರು ನಡೆಸುತ್ತಾರೆ, ವೇದಿಕೆಯಲ್ಲಿ ಯಾರು ಮಾತಾಡುತ್ತಾರೆ ಅನ್ನುವುದು ನಮಗೆ ಅಷ್ಟು ಮುಖ್ಯ ಅಲ್ಲ. ಹಣ ನಿಲ್ಲುತ್ತದಾ ಇಲ್ಲವಾ, ಅದೇ ಮುಖ್ಯ. ನಿಲ್ಲುವುದಾದರೆ ಎಷ್ಟು ಮೊದಲೇ ಹೇಳುತ್ತೀರಿ? ನೀವು ಕೇಳಿದ ನಾಲ್ಕು ಪ್ರಶ್ನೆಯಲ್ಲಿ ಕುಟುಂಬಗಳದ್ದು ಕೊನೆಗೆ ಬಂತು. ನನ್ನ ಪ್ರಕಾರ ಅದೇ ಮೊದಲಾಗಬೇಕು.

ಇನ್ನೊಂದು. ವೇದಿಕೆ ಮೇಲೆ ನಮ್ಮನ್ನೂ ನಿಲ್ಲಿಸುತ್ತಾರೆ. ‘ಫಲಾನುಭವಿಗಳು’ ಅಂತ. ಕೆಲವರಿಗೆ ಇಷ್ಟ ಆಗಬಹುದು. ನನಗೆ ಆಗುವುದಿಲ್ಲ. ಬೇಡ ಅಂದರೆ ಸಹಾಯ ನಿಂತುಬಿಟ್ಟರೆ ಅಂತ ಹೆದರಿ ನಿಲ್ಲುತ್ತೇನೆ. ನಿಮಗೆ ಕಥೆ ಹೇಳಿ ಹೇಳಿ ಸುಸ್ತಾಗಿದೆ ಅಂದಿರಲ್ಲ, ನೀವು ಬಿಟ್ಟ ಮೇಲೆ ಆ ಜಾಗಕ್ಕೆ ಇನ್ನೊಬ್ಬರನ್ನು ತಂದು ನಿಲ್ಲಿಸದಂತೆ ನೋಡಿಕೊಳ್ಳಿ.

ಖಾತೆ ಪುಸ್ತಕ

ಮೇಲಿನವರು ಹೇಳಿದ್ದಕ್ಕೆ ಲೆಕ್ಕದಲ್ಲಿ ಉತ್ತರ ಇದೆ. ಈ ವರ್ಷ ಕೂಡಿದ ದುಡ್ಡನ್ನು ಮುಂದಿನ ವರ್ಷ ಖರ್ಚು ಮಾಡಬೇಕು, ಈ ವರ್ಷವೇ ಅಲ್ಲ. ಅಂದರೆ ಯಾವಾಗಲೂ ಒಂದು ವರ್ಷದ ಡಯಾಲಿಸಿಸ್ ಹಣ ಕೈಯಲ್ಲಿ ಇದ್ದೇ ಇರಬೇಕು. ಓಟ ಒಂದು ವರ್ಷ ನಡೆಯದಿದ್ದರೂ ಯಾರ ಸೂಜಿಯೂ ತಪ್ಪುವುದಿಲ್ಲ. ಹೊಸ ರೋಗಿಗಳನ್ನು ಸೇರಿಸಿಕೊಳ್ಳುವುದೂ ಕೈಯಲ್ಲಿರುವ ದುಡ್ಡಿನ ಮೇಲೆ, ಬರಬಹುದಾದ ದುಡ್ಡಿನ ಮೇಲೆ ಅಲ್ಲ. ಮೇಡಂ ಬಿಡುವ ಮೊದಲು ಈ ನಿಧಿ ತುಂಬಬೇಕು. ಕೊನೆಯ ಓಟಕ್ಕೆ ಬೇರೆ ಗುರಿ ಬೇಡ.

ಕಟ್ ಆಫ್ ಟೈಮ್

ಯಾರೂ ಹೇಳದ್ದನ್ನು ನಾನು ಹೇಳಿಬಿಡುತ್ತೇನೆ. ಓಟವನ್ನೇ ಮುಗಿಸಬಹುದಲ್ಲ? ಪ್ರತಿಯೊಂದೂ ಶಾಶ್ವತವಾಗಿ ನಡೆಯಲೇಬೇಕು ಅಂತ ಎಲ್ಲಿದೆ? ಮೆಡಲ್, ಟೀಶರ್ಟ್, ಬಾಟಲಿ ಅಂತ ಖರ್ಚು ಮಾಡಿ ಉಳಿದದ್ದು ರೋಗಿಗೆ. ಅದೇ ದಾನಿಗಳು ನೇರವಾಗಿ ಪ್ರತಿ ತಿಂಗಳು ಕೊಟ್ಟರೆ ಇನ್ನೂ ಜಾಸ್ತಿ ತಲುಪುತ್ತದೆ. ಅಕ್ಕನ ಜೊತೆಗೇ ಓಟವೂ ಗೌರವದಿಂದ ಮುಗಿಯಲಿ, ಉಳಿದ ಹಣ ಡಯಾಲಿಸಿಸ್ ಕೆಲಸ ಮಾಡುವ ಇನ್ನೊಂದು ಸಂಸ್ಥೆಗೆ ಹೋಗಲಿ.

ಎರಡನೇ ಡೈರೆಕ್ಟರ್

ತಪ್ಪು ಅನ್ನುವುದಿಲ್ಲ. ಆದರೆ ನೇರ ಕೊಡಿ ಅಂದರೆ ಎಷ್ಟು ಜನ ಕೊಡುತ್ತಾರೆ? ನಮ್ಮಲ್ಲಿ ತಿಂಗಳ ದಾನಿಗಳಾದವರಲ್ಲಿ ಹೆಚ್ಚಿನವರು ಮೊದಲು ಓಡಲು ಬಂದವರೇ. ಓಟ ಬಾಗಿಲು, ತಿಂಗಳ ದಾನ ಮನೆ. ಬಾಗಿಲು ಮುಚ್ಚುವುದಾದರೆ ಒಳಗೆ ಬರಲು ಇನ್ನೊಂದು ದಾರಿ ಇರಬೇಕು.

ಆದರೂ ಒಂದು ಮಾತು ಒಪ್ಪುತ್ತೇನೆ. ಮುಚ್ಚುವುದೂ ಒಂದು ಆಯ್ಕೆ ಅಂತ ಕಮಿಟಿಯ ಮೇಜಿನ ಮೇಲೆ ಇಡಿ. ಯಾರೂ ಮನಸಾರೆ ವಹಿಸಿಕೊಳ್ಳಲು ಮುಂದೆ ಬರದಿದ್ದರೆ ಒತ್ತಾಯಕ್ಕೆ ಒಬ್ಬರ ತಲೆಗೆ ಕಟ್ಟುವುದಕ್ಕಿಂತ ಅದೇ ಮೇಲು.

ಮೆಡಿಕಲ್ ಟೆಂಟ್

ಓಟಗಳಲ್ಲಿ ಮೆಡಿಕಲ್ ಡೈರೆಕ್ಟರ್ ಆಗಿ ಕೆಲಸ ಮಾಡುವ ಡಾಕ್ಟರ್ ನಾನು. ಹಣ ಆಯಿತು, ಮುಖ ಆಯಿತು, ಓಡುವವರ ಜೀವದ ಬಗ್ಗೆ ಯಾರೂ ಕೇಳಲಿಲ್ಲ. ಹ್ಯಾಂಡೋವರ್‌ನಲ್ಲಿ ನನಗೆ ಭಯ ಹುಟ್ಟಿಸುವ ಜಾಗ ಇದು.

ಮೊದಲ ಪ್ರಶ್ನೆ: ಓಟ ನಿಲ್ಲಿಸುವ ಅಧಿಕಾರ ಯಾರದು? 2007ರ ಅಕ್ಟೋಬರ್‌ನಲ್ಲಿ ಶಿಕಾಗೋ ಮ್ಯಾರಥಾನ್ ಅನ್ನು ಸೆಖೆ ವಿಪರೀತವಾಗಿ ನಡುವೆಯೇ ನಿಲ್ಲಿಸಿದರು. ಸಾವಿರಾರು ಜನ ಓಡುತ್ತಿರುವಾಗ ‘ಸಾಕು’ ಅನ್ನಲು ಧೈರ್ಯ ಬೇಕು, ಅದಕ್ಕಿಂತ ಹೆಚ್ಚಾಗಿ ಮೊದಲೇ ಬರೆದಿಟ್ಟ ನಿಯಮ ಬೇಕು. ಇಷ್ಟು ವರ್ಷ ಮೇಡಂ ಆಕಾಶ ನೋಡಿ, ಅನುಭವದಿಂದ ತೀರ್ಮಾನ ಮಾಡಿರುತ್ತಾರೆ. ಹೊಸಬರಿಗೆ ಆ ಅನುಭವ ಇಲ್ಲ. ಅದರ ಮೇಲೆ, ಮೊದಲ ವರ್ಷವೇ ಓಟ ನಿಲ್ಲಿಸಿದರೆ ಜನ ಏನಂದಾರು ಅನ್ನುವ ಅಳುಕು. ಹಾಗಾಗಿ ಬರೆದಿಡಿ: ಸೆಖೆ ಇಷ್ಟು ದಾಟಿದರೆ, ಮಿಂಚು ಕಂಡರೆ, ಆಂಬುಲೆನ್ಸ್‌ಗಳು ಎಲ್ಲ ಹೊರಗೆ ಹೋಗಿದ್ದರೆ ಏನು ಮಾಡಬೇಕು ಅಂತ. ನಿಲ್ಲಿಸುವ ಮಾತು ಮೆಡಿಕಲ್ ಡೈರೆಕ್ಟರ್ ಹೇಳಿದರೆ ರೇಸ್ ಡೈರೆಕ್ಟರ್ ಅದನ್ನು ತಳ್ಳಿಹಾಕುವ ಹಾಗಿಲ್ಲ ಅಂತಲೂ ಬರೆಯಿರಿ.

ಎರಡು, ಹೀಟ್ ಸ್ಟ್ರೋಕ್. ಓಡುವವರ ಮೈಯೊಳಗಿನ ತಾಪ 40 ಡಿಗ್ರಿ ಸೆಲ್ಸಿಯಸ್ ದಾಟಿ, ಮಾತು ತೊದಲಿ, ದಿಕ್ಕು ತಪ್ಪಿದವರಂತೆ ಆದರೆ ಆಂಬುಲೆನ್ಸ್‌ಗೆ ಹಾಕಿ ಕಳಿಸುವುದು ಮೊದಲ ಕೆಲಸ ಅಲ್ಲ. ಐಸ್ ನೀರಿನ ಟಬ್‌ನಲ್ಲಿ ಮುಳುಗಿಸಿ ತಣ್ಣಗೆ ಮಾಡುವುದು ಮೊದಲು, ಆಸ್ಪತ್ರೆ ಆಮೇಲೆ. ಇದು ಗೊತ್ತಿಲ್ಲದವರು ಟಬ್ ಮತ್ತು ಐಸ್ ಅನ್ನು ‘ಅನಗತ್ಯ ಖರ್ಚು’ ಅಂತ ತೆಗೆದುಹಾಕುತ್ತಾರೆ. ಹೊಸ ಕಮಿಟಿ ಖರ್ಚು ಕಡಿಮೆ ಮಾಡಲು ಹೊರಟಾಗ ಮೊದಲು ಹೋಗುವುದು ಇಂಥವೇ.

ಮೂರು, ಹೃದಯ. ಅಮೆರಿಕದಲ್ಲಿ 2000ದಿಂದ 2010ರವರೆಗೆ ಹಾಫ್ ಮತ್ತು ಫುಲ್ ಮ್ಯಾರಥಾನ್ ಓಡಿದ ಸುಮಾರು 1.09 ಕೋಟಿ ಜನರ ಲೆಕ್ಕ ಹಿಡಿದ ಒಂದು ಅಧ್ಯಯನ ಇದೆ. ಅದರಲ್ಲಿ ಹೃದಯ ನಿಂತವರು 59, ಅವರಲ್ಲಿ ತೀರಿಕೊಂಡವರು 42. ಅಪರೂಪ ನಿಜ, ಆದರೆ ಆದಾಗ ಪಕ್ಕದಲ್ಲಿದ್ದವರು ತಕ್ಷಣ ಸಿಪಿಆರ್ (ಎದೆ ಒತ್ತಿ ರಕ್ತ ಹರಿಯುವಂತೆ ಮಾಡುವುದು) ಶುರು ಮಾಡಿದ್ದರೋ ಇಲ್ಲವೋ ಅನ್ನುವುದೇ ಬದುಕು ಸಾವಿನ ವ್ಯತ್ಯಾಸ. ಎಇಡಿ, ಅಂದರೆ ಹೃದಯಕ್ಕೆ ಶಾಕ್ ಕೊಡುವ ಯಂತ್ರ, ಎಲ್ಲಿಟ್ಟಿದ್ದೀರಿ ಅನ್ನುವುದು ನಕ್ಷೆಯಲ್ಲಿ ಇರಲಿ, ನಿಮ್ಮ ತಲೆಯಲ್ಲಿ ಅಲ್ಲ.

ಕೊನೆಗೆ, ನಿಮ್ಮದು ಕಿಡ್ನಿ ಓಟ ಆದ್ದರಿಂದ: ಓಡುವ ಮೊದಲು ಐಬುಪ್ರೊಫೆನ್‌ನಂಥ ನೋವಿನ ಮಾತ್ರೆ ನುಂಗುವವರು ತುಂಬಾ ಜನ. ಈ ಮಾತ್ರೆಗಳು ಕಿಡ್ನಿಗೆ ರಕ್ತ ಹರಿಯುವುದನ್ನು ಕಡಿಮೆ ಮಾಡುತ್ತವೆ, ಬೆವರಿ ನೀರು ಕಡಿಮೆಯಾದ ಮೈಯಲ್ಲಿ ಅದು ಇನ್ನೂ ಕೆಟ್ಟದ್ದು. ಬಿಬ್ ಜೊತೆ ಕೊಡುವ ಚೀಟಿಯಲ್ಲಿ ಇದನ್ನು ಬರೆಯಿರಿ. ಕಿಡ್ನಿ ಉಳಿಸಲು ಬಂದು ಕಿಡ್ನಿ ಕೆಡಿಸಿಕೊಂಡು ಹೋಗಬಾರದು.

ರಸ್ತೆ ತಿರುವು

ನಮಸ್ತೆ. ಮಾರ್ಷಲ್‌ಗಳನ್ನು ನೋಡಿಕೊಳ್ಳುವ ಆ ಹುಡುಗಿ ನಾನೇ. ಅಕ್ಕ ಇದನ್ನೆಲ್ಲ ಓದಲು ಹೇಳಿದರು.

ವೇದಿಕೆ ಆಗುವುದಿಲ್ಲ ಅನ್ನುವುದು ನಿಜ. ಮೈಕ್ ಕೈಗೆ ಬಂದರೆ ಹೆಸರೇ ಮರೆಯುತ್ತದೆ. ಆದರೆ ಡಾಕ್ಟರ್ ಬರೆದದ್ದನ್ನು ಓದುವಾಗ ಒಂದೊಂದಕ್ಕೂ ಉತ್ತರ ನನಗೆ ಗೊತ್ತಿತ್ತು. ಎಇಡಿ ಎರಡು ಕಡೆ ಇಡುತ್ತೇವೆ. ಟಬ್ ಇದೆ, ಐಸ್ ಬೆಳಗಿನ ಜಾವವೇ ಬರುತ್ತದೆ. ರಸ್ತೆಯ ಅಳತೆ ಸೈಕಲ್ ಚಕ್ರಕ್ಕೆ ಕೌಂಟರ್ ಹಾಕಿಸಿ ಮಾಡಿಸಿದ್ದು. 10 ಕಿ.ಮೀ.ಗೆ 10 ಮೀಟರ್ ಹೆಚ್ಚಿಗೆ ಸೇರಿಸಿದ್ದೇವೆ, ಓಟ ಅಳತೆಗಿಂತ ಚಿಕ್ಕದಾಗಬಾರದಲ್ಲ. ಕಾಗದದ ಮೇಲೆ ಮಾತ್ರ ಯಾವುದೂ ಇಲ್ಲ. ಬರೆಯಲು ಶುರು ಮಾಡಿದ್ದೇನೆ.

ಎರಡು ಷರತ್ತು ಕೇಳಲಾ? ನಾನು ರೇಸ್ ಡೈರೆಕ್ಟರ್ ಆದರೆ ಭಾಷಣ ನನ್ನ ಕೆಲಸ ಅಲ್ಲ. ಕಮಿಟಿಯವರು ಹೇಳುವ ಆ ಇನ್ನೊಬ್ಬರು ಸ್ಪಾನ್ಸರ್‌ಗಳನ್ನು, ವೇದಿಕೆಯನ್ನು ನೋಡಿಕೊಳ್ಳಲಿ. ರಸ್ತೆ, ಸಮಯ, ಸುರಕ್ಷತೆ ನನ್ನದು. ಎರಡನೆಯದು, ಈ ಸಲದ ಓಟವನ್ನೇ ನಾನು ನಡೆಸುತ್ತೇನೆ, ಅಕ್ಕ ಪಕ್ಕದಲ್ಲಿರಲಿ. ಅಕ್ಕ ಬಿಟ್ಟ ಮೇಲೆ ಮೊದಲ ಸಲ ಒಬ್ಬಳೇ ನಡೆಸುವುದಕ್ಕಿಂತ, ಅಕ್ಕ ಇರುವಾಗಲೇ ಒಮ್ಮೆ ನಡೆಸಿ ನೋಡುವುದು ಒಳ್ಳೆಯದು.

ಎರಡನೇ ಡೈರೆಕ್ಟರ್

ಈ ಹುಡುಗಿಗೆ ಕೊಡಿ. ಇನ್ನೇನೂ ಯೋಚಿಸಬೇಡಿ.

ಕೊನೆಯ ಸಾಲಿನ ಓಟಗಾರ್ತಿ

ಎರಡು ಷರತ್ತೂ ಕಮಿಟಿಯಲ್ಲಿ ಇಟ್ಟೆ. ಮೊದಲನೆಯದಕ್ಕೆ ಒಂದಿಷ್ಟು ಗೊಣಗಿದರು, ಎರಡನೆಯದಕ್ಕೆ ಎಲ್ಲರೂ ಒಪ್ಪಿದರು. ಈ ಸಲ ಅವಳು ರೇಸ್ ಡೈರೆಕ್ಟರ್. ನಾನು ಅವಳು ಹೇಳಿದ ಕಡೆ ನಿಲ್ಲುತ್ತೇನೆ, ಬಹುಶಃ ಬ್ಯಾಗ್ ಕೌಂಟರ್‌ನಲ್ಲಿ. ಮುಂದಿನ ಸಲ ಬರುವುದಿಲ್ಲ.

ಕುಟುಂಬಗಳಿಗೆ ಮೊದಲು ಹೇಳಿದೆವು, ಒಬ್ಬೊಬ್ಬರಿಗೂ ಫೋನ್ ಮಾಡಿ. ಒಂದು ವರ್ಷದ ನಿಧಿ ತುಂಬುವವರೆಗೆ ಹೊಸಬರನ್ನು ಸೇರಿಸಿಕೊಳ್ಳುವುದಿಲ್ಲ, ಈಗಿರುವವರದ್ದು ನಿಲ್ಲುವುದಿಲ್ಲ ಅಂತ ಬರೆದುಕೊಟ್ಟಿದ್ದೇವೆ. ‘ಬೇಡ’ ಅನ್ನಲು ಯಾರೂ ಹೆದರಬಾರದು, ಹಾಗಾಗಿ ವೇದಿಕೆ ಮೇಲೆ ಯಾವ ರೋಗಿಯನ್ನೂ ಕರೆಯುವುದಿಲ್ಲ.

ಫೋಟೋ ತೆಗೆಯುತ್ತಿದ್ದೇವೆ. ಅಮ್ಮನನ್ನು ಕೇಳಿದೆ. ‘ಅವನಿಗೆ ಆ ಫೋಟೋ ಇಷ್ಟವೇ ಇರಲಿಲ್ಲ’ ಅಂದರು. ನನಗೆ ಗೊತ್ತಿರಲಿಲ್ಲ.

ಪ್ರಕಟಣೆಯ ಕರಡು ಹೀಗಿದೆ, ನೋಡಿ: ‘ಆತ್ಮೀಯ ಓಟಗಾರರೇ, ಭಾರವಾದ ಮನಸ್ಸಿನಿಂದ ತಿಳಿಸುವುದೇನೆಂದರೆ, ಇಷ್ಟು ವರ್ಷ ನಿಮ್ಮೆಲ್ಲರ ಪ್ರೀತಿಯಿಂದ ನಡೆಸಿಕೊಂಡು ಬಂದ ಈ ಓಟದ ಜವಾಬ್ದಾರಿಯಿಂದ ನಾನು ನಿವೃತ್ತಿ ಹೊಂದುತ್ತಿದ್ದೇನೆ...’

ಸುಮ್ನೆ ಓಡುವವ

ಭಾರವಾದ ಮನಸ್ಸು ತೆಗೆದುಬಿಡಿ ಅಕ್ಕಾ. ಓದಿದವರು ಏನೋ ಜಗಳ ಆಗಿದೆ ಅಂದುಕೊಳ್ಳುತ್ತಾರೆ.

ಖಾತೆ ಪುಸ್ತಕ

ಹೊಸ ಡೈರೆಕ್ಟರ್ ಹೆಸರು ಮೊದಲ ಸಾಲಿನಲ್ಲಿ ಬರಲಿ, ನಿಮ್ಮದು ಎರಡನೆಯದರಲ್ಲಿ. ಕಳೆದ ವರ್ಷದ ಲೆಕ್ಕಪತ್ರ ಎಲ್ಲಿ ನೋಡಬಹುದು ಅಂತಲೂ ಹಾಕಿ. ಡೊಮೇನ್ ವರ್ಗಾವಣೆ ಆದ ಮೇಲೆಯೇ ಪ್ರಕಟಿಸಿ, ಮೊದಲು ಬೇಡ.

ರಸ್ತೆ ತಿರುವು

ಡೊಮೇನ್ ನಿನ್ನೆ ಟ್ರಸ್ಟ್ ಹೆಸರಿಗೆ ಬಂತು. ಗೇಟ್‌ವೇ ಅರ್ಜಿ ಹಾಕಿದ್ದೇವೆ, ಅದು ಇನ್ನೂ ಬಾಕಿ. ಅದು ಆದ ತಕ್ಷಣ ಪ್ರಕಟಿಸುತ್ತೇವೆ, ಮರುದಿನದಿಂದ ನೋಂದಣಿ ಶುರು. ಡಾಕ್ಟರ್ ಸರ್, ನೋವಿನ ಮಾತ್ರೆಯ ಚೀಟಿಗೆ ಎರಡೇ ಸಾಲು ಬರೆದುಕೊಡುತ್ತೀರಾ? ಬಿಬ್ ಹಿಂಭಾಗದಲ್ಲಿ ಅಷ್ಟೇ ಜಾಗ ಇದೆ.